ಹಾಸನ ಜಿಲ್ಲೆಯ ಗಿಡಮರಗಳ ಲೆಕ್ಕ ಬರೆದ ಸಸ್ಯಶಾಸ್ತ್ರಜ್ಞ
(ಸಕಲೇಶಪುರದ ಮಲೆಗಳಲ್ಲಿ ಫಾದರ್ ಸೆಸಿಲ್ ಸಲ್ಡಾನ್ಹ ಅವರ ಕಾರ್ಯ)

ಸಕಲೇಶಪುರದ ಕಡೆ ಒಬ್ಬ ರೈತರು ‘ಧೂಪದ ಮರ’ ಎಂದು ಹೇಳಿದರೆ ಅದು ಯಾವ ಮರ ಎಂದು ಮತ್ತೊಮ್ಮೆ ಕೇಳಬೇಕಾಗುತ್ತದೆ. ಸಾಲುಧೂಪವೂ ಧೂಪವೇ, ರಾಳಧೂಪವೂ ಧೂಪವೇ. ಮೊದಲನೆಯದರ ಬೀಜದಿಂದ ಗಟ್ಟಿಯಾದ ಕೊಬ್ಬು ದೊರೆಯುತ್ತದೆ ಮತ್ತು ಕಾಂಡದಿಂದ ಬಿಳಿ ರಾಳ ಬರುತ್ತದೆ. ಎರಡನೆಯದರ ಕಾಂಡದಿಂದ ಕಪ್ಪು ರಾಳ ಒಸರುತ್ತದೆ. ಸಸ್ಯಶಾಸ್ತ್ರದ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ ಕುಟುಂಬಕ್ಕೆ ಸೇರಿದ ಮರಗಳು. ಒಂದರ ಬೀಜ ಬೇಕೆಂದು ಬರೆದು ಇನ್ನೊಂದರ ಸಸಿ ತರಿಸಿಕೊಂಡರೆ, ನೆಟ್ಟು ಇಪ್ಪತ್ತು ವರ್ಷ ಕಳೆದ ನಂತರವೇ ಆದ ತಪ್ಪು ತಿಳಿಯುವುದು. ಮೊದಲನೆಯದಕ್ಕೆ ವಟೇರಿಯ ಇಂಡಿಕ, ಎರಡನೆಯದಕ್ಕೆ ಕೆನೇರಿಯಂ ಸ್ಟ್ರಿಕ್ಟಂ ಎಂದು ಶಾಸ್ತ್ರೀಯ ಹೆಸರಿಟ್ಟಿರುವುದು ಈ ಗೊಂದಲವನ್ನು ತಪ್ಪಿಸುವುದಕ್ಕಾಗಿಯೇ.

ಹಾಸನ ಜಿಲ್ಲೆಯಲ್ಲಿ ಬೆಳೆಯುವ ಹೂಬಿಡುವ ಗಿಡ, ಮರ, ಬಳ್ಳಿ, ಹುಲ್ಲುಗಳನ್ನು ಹೀಗೆ ಒಂದೊಂದಾಗಿ ಕಂಡು, ಕಿತ್ತು, ಒಣಗಿಸಿ, ಹೋಲಿಸಿ, ಹೆಸರು ಗುರುತಿಸಿ ಒಂದೇ ಗ್ರಂಥದಲ್ಲಿ ಸೇರಿಸಿದ ಕೀರ್ತಿ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರಜ್ಞ ಫಾದರ್ ಸೆಸಿಲ್ ಜೆ. ಸಲ್ಡಾನ್ಹ (1926–2002) ಹಾಗೂ ಅವರ ಸಂಗಡಿಗರಿಗೆ ಸಲ್ಲುತ್ತದೆ. ಅವರ ಕೆಲಸ ಏನು, ಅದನ್ನು ಹೇಗೆ ಮಾಡಿದರು, ಮಲೆನಾಡಿನ ರೈತರಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಳೆಯಿಂದ ಆರಂಭವಾದ ಅಭ್ಯಾಸ

ಸಲ್ಡಾನ್ಹ ಅವರು ಏಸುಸಭೆಗೆ ಸೇರಿದ ಪಾದ್ರಿಗಳು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಹಾಗೂ ಸಸ್ಯವಿಜ್ಞಾನಿ ಎಚ್. ಸಂತಾಪೌ ಅವರ ಶಿಷ್ಯಪರಂಪರೆಯಲ್ಲಿ ಬಂದವರು. ಸಂತಾಪೌ ಅವರು ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಖಂಡಾಲ ಘಟ್ಟದ ಸಸ್ಯಗಳ ಬಗ್ಗೆ ಅವರು 1953ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡದೆ, ಗಿಡ ಬೆಳೆಯುವ ಜಾಗಕ್ಕೇ ಹೋಗಿ, ವರ್ಷದ ಎಲ್ಲ ಕಾಲಗಳಲ್ಲೂ ಅದನ್ನು ನೋಡಿ ಬರೆಯಬೇಕೆಂಬುದು ಆ ಪರಂಪರೆಯ ಪಾಠ.

ಸಲ್ಡಾನ್ಹ ಅವರ ಮೊದಲ ಬರಹಗಳಲ್ಲಿ ಒಂದು ರೈತರಿಗೆ ಬಹಳ ಹತ್ತಿರದ ವಿಷಯವನ್ನು ಕುರಿತದ್ದು. 1963ರಲ್ಲಿ ಅವರು ಪಶ್ಚಿಮ ಭಾರತದ ಸ್ಟ್ರೈಗಾ ಕುಲದ ಸಸ್ಯಗಳ ಬಗ್ಗೆ ಲೇಖನವೊಂದನ್ನು ಪ್ರಕಟಿಸಿದರು. ಜೋಳದ ಬೇರಿಗೆ ಅಂಟಿಕೊಂಡು ಅದರ ಆಹಾರವನ್ನೇ ಹೀರಿ ಬೆಳೆಯುವ ಪರಾವಲಂಬಿ ಕಳೆಯೇ ಸ್ಟ್ರೈಗಾ. ಇದರ ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ಅನೇಕ ವರ್ಷ ಸುಮ್ಮನೆ ಬಿದ್ದಿದ್ದು, ಆಸರೆ ಬೆಳೆಯ ಬೇರಿನಿಂದ ಒಸರುವ ರಸದ ಸುಳಿವು ಸಿಕ್ಕಿದಾಗ ಮಾತ್ರ ಮೊಳೆಯುತ್ತದೆ. ಈ ಕುಲದಲ್ಲಿ ನೋಡಲು ಒಂದೇ ರೀತಿ ಇರುವ ಹಲವು ಪ್ರಭೇದಗಳಿವೆ. ಅವುಗಳನ್ನು ಬೇರ್ಪಡಿಸುವ ಮುಖ್ಯ ಗುರುತು ಹೂವಿನ ಹಸಿರು ಪುಷ್ಪಪಾತ್ರೆಯ ಮೇಲಿರುವ ಗೆರೆಗಳ ಸಂಖ್ಯೆ. ಒಂದರಲ್ಲಿ ಐದು, ಮತ್ತೊಂದರಲ್ಲಿ ಸಾಮಾನ್ಯವಾಗಿ ಹತ್ತು, ಇನ್ನೊಂದರಲ್ಲಿ ಹದಿನೈದು. ಇಂಥ ಸಣ್ಣ ಗುರುತನ್ನು ಭೂತಗನ್ನಡಿ ಹಿಡಿದು ಎಣಿಸುವುದು ಕೆಲಸಕ್ಕೆ ಬಾರದ ಪಾಂಡಿತ್ಯವೆಂದು ತೋರಬಹುದು. ಆದರೆ ಯಾವ ಪ್ರಭೇದ ಯಾವ ಬೆಳೆಗೆ ಬೀಳುತ್ತದೆ, ಯಾವ ತಳಿ ಅದನ್ನು ತಡೆಯುತ್ತದೆ ಎಂಬ ಪರೀಕ್ಷೆಗಳೆಲ್ಲ ಈ ಎಣಿಕೆಯ ಮೇಲೆಯೇ ನಿಂತಿವೆ. ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಹಾಸನ ಜಿಲ್ಲೆಯನ್ನೇ ಆರಿಸಿದ್ದರ ಔಚಿತ್ಯ

ಬ್ರಿಟಿಷರ ಕಾಲದಲ್ಲಿ ಹೂಕರ್ ಅವರು ಇಡೀ ಭಾರತದ ಸಸ್ಯಗಳ ಬಗ್ಗೆ ಏಳು ಸಂಪುಟಗಳನ್ನು (1872–1897) ಹೊರತಂದರು. ಆನಂತರ ಮುಂಬಯಿ ಪ್ರಾಂತ್ಯದ ಸಸ್ಯಗಳನ್ನು ಕುರಿತು ಕುಕ್ ಅವರೂ, ಮದರಾಸು ಪ್ರಾಂತ್ಯದ ಸಸ್ಯಗಳನ್ನು ಕುರಿತು ಗ್ಯಾಂಬಲ್ ಅವರೂ ಗ್ರಂಥಗಳನ್ನು ಬರೆದರು. ಈ ಎರಡು ಪ್ರಾಂತ್ಯಗಳ ನಡುವೆ ಇದ್ದ ಮೈಸೂರು ಸಂಸ್ಥಾನಕ್ಕೆ ಮಾತ್ರ ಅಂಥ ಪೂರ್ಣ ಗ್ರಂಥವಿರಲಿಲ್ಲ. ಸಂಸ್ಥಾನದ ಪಶ್ಚಿಮ ಅಂಚಿನಲ್ಲಿದ್ದ ಮಂಜರಾಬಾದು ಸೀಮೆ, ಅಂದರೆ ಇಂದಿನ ಸಕಲೇಶಪುರದ ಮಲೆಗಳು, ಕಾಫಿ ಮತ್ತು ಏಲಕ್ಕಿಗೆ ಹೆಸರಾಗಿದ್ದರೂ ಅಲ್ಲಿನ ಕಾಡಿನ ಗಿಡಗಳ ಪೂರ್ಣ ಪಟ್ಟಿ ಯಾರ ಬಳಿಯೂ ಇರಲಿಲ್ಲ.

ಹಾಸನ ಜಿಲ್ಲೆಗೆ ಇನ್ನೊಂದು ವಿಶೇಷವಿದೆ. ಇದರ ಪೂರ್ವದಲ್ಲಿ ಅರಸೀಕೆರೆಯ ಬಯಲುಸೀಮೆ. ಅಲ್ಲಿ ಕುರುಚಲು ಕಾಡು, ಜಾಲಿ, ಕಳ್ಳಿ, ರಾಗಿಯ ಹೊಲ. ನಡುವೆ ಹಾಸನ ಮತ್ತು ಆಲೂರಿನ ಅರೆಮಲೆನಾಡು. ಅಲ್ಲಿ ಎಲೆ ಉದುರಿಸುವ ಮತ್ತಿ, ಹೊನ್ನೆ, ನಂದಿ, ಬೀಟೆ ಮರಗಳು ಮತ್ತು ಭತ್ತದ ಗದ್ದೆಗಳು. ಪಶ್ಚಿಮದಲ್ಲಿ ಸುಮಾರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಸಕಲೇಶಪುರ. ಅದರಾಚೆ ಬಿಸಿಲೆ, ಕಾಗಿನಹರೆ, ಮೂರ್ಕಣ್ಣುಗುಡ್ಡ, ಕೆಂಪುಹೊಳೆಯ ನಿತ್ಯಹಸಿರು ಕಾಡು. ಅಲ್ಲಿಂದ ನೆಲ ಒಮ್ಮೆಲೇ ಕರಾವಳಿಯ ಕಡೆಗೆ ಕುಸಿಯುತ್ತದೆ. ಘಟ್ಟದ ನೆತ್ತಿಯ ಒಂದು ಬದಿಗೆ ಬಿದ್ದ ಮಳೆನೀರು ಹೇಮಾವತಿಯನ್ನು ಸೇರಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋದರೆ, ಇನ್ನೊಂದು ಬದಿಯ ನೀರು ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಹೀಗೆ ಒಂದೇ ಜಿಲ್ಲೆಯಲ್ಲಿ ಒಣಸೀಮೆಯಿಂದ ಅತಿ ಹೆಚ್ಚು ಮಳೆ ಬೀಳುವ ಸೀಮೆಯವರೆಗೆ ಎಲ್ಲ ಬಗೆಯ ಸಸ್ಯವರ್ಗವೂ ಇದೆ. ಹಾಸನವನ್ನು ಪೂರ್ತಿಯಾಗಿ ಅರಿತರೆ ರಾಜ್ಯದ ದೊಡ್ಡ ಭಾಗವನ್ನು ಅರಿತಂತೆಯೇ ಸರಿ.

ಈ ಕಾರ್ಯಕ್ಕೆ ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಸ್ಮಿತ್ಸೋನಿಯನ್ ಸಂಸ್ಥೆಯ ನೆರವು ದೊರೆಯಿತು. ಆ ಸಂಸ್ಥೆಯ ಸಸ್ಯಶಾಸ್ತ್ರಜ್ಞ ಡ್ಯಾನ್ ನಿಕೋಲ್ಸನ್ ಅವರು ಸಲ್ಡಾನ್ಹ ಅವರೊಡನೆ ಕೈಜೋಡಿಸಿದರು. ಕೆಸು, ಸುವರ್ಣಗೆಡ್ಡೆಗಳ ಕುಟುಂಬವು ನಿಕೋಲ್ಸನ್ ಅವರ ವಿಶೇಷ ಅಧ್ಯಯನದ ವಿಷಯ. ಮುಂದೆ ಅವರು, 17ನೆಯ ಶತಮಾನದಲ್ಲಿ ಕೇರಳದ ವೈದ್ಯರ ನೆರವಿನಿಂದ ಡಚ್ಚರು ಪ್ರಕಟಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ 12 ಸಂಪುಟಗಳ ಗ್ರಂಥದ ಸಸ್ಯಗಳನ್ನು ಗುರುತಿಸುವ ಕೆಲಸದಲ್ಲಿಯೂ ಭಾಗಿಗಳಾದರು.

ಕಾಡಿನಲ್ಲಿ ಕೆಲಸ ನಡೆಯುವ ಬಗೆ

ಒಂದು ಜಿಲ್ಲೆಯ ಗಿಡಗಳನ್ನು ದಾಖಲೆ ಮಾಡುವುದೆಂದರೆ ಒಂದು ಸಲ ಕಾಡು ಸುತ್ತಿ ಬರುವುದಲ್ಲ. ಹೂ ಇಲ್ಲದ ಗಿಡವನ್ನು ಖಚಿತವಾಗಿ ಗುರುತಿಸುವುದು ಕಷ್ಟ. ದೊಡ್ಡ ಮರಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಹೂ ಬಿಡುತ್ತವೆ. ಅದೂ ಮೂವತ್ತು ಮೀಟರ್ ಎತ್ತರದ ನೆತ್ತಿಯಲ್ಲಿ. ಮರದ ಮೇಲೆ ಬೆಳೆಯುವ ಸೀತಾಳೆಗಳಲ್ಲಿ ಹಲವು ಮುಂಗಾರಿನ ಮುಂಚೆ ಮತ್ತು ಮಳೆ ಹಿಡಿದ ಮೇಲೆ ಅರಳುತ್ತವೆ. ಬಂಡೆಯ ಮೇಲಿನ ಕರ್ಣಕುಂಡಲದ ಜಾತಿಯ ಗಿಡಗಳು ಜಡಿಮಳೆಯಲ್ಲಿಯೇ ಹೂ ಬಿಟ್ಟು ಮಳೆ ನಿಂತೊಡನೆ ಕರಗಿಹೋಗುತ್ತವೆ. ಬೋಳುಗುಡ್ಡದ ಹುಲ್ಲುಗಳು ತೆನೆ ಹೊರುವುದು ಮಳೆ ಹಿಂದೆಗೆದ ಮೇಲೆ. ಗುರ್ಗಿಯ ಕೆಲವು ಜಾತಿಗಳಂತೂ ಹಲವು ವರ್ಷಗಳಿಗೊಮ್ಮೆ ಮಾತ್ರ ಗುಡ್ಡಕ್ಕೆ ಗುಡ್ಡವೇ ಹೂವಾಗಿ ನಂತರ ಸಾಯುತ್ತವೆ. ಆದ್ದರಿಂದ ಒಂದೇ ಜಾಗಕ್ಕೆ ಬೇಸಿಗೆಯಲ್ಲೂ, ಮಳೆಯಲ್ಲೂ, ಚಳಿಯಲ್ಲೂ ಹೋಗಲೇಬೇಕು. ಸಕಲೇಶಪುರದ ಮಲೆಯಲ್ಲಿ ಮಳೆಗಾಲ ಎಂದರೆ ಉಂಬಳಗಳ ಕಾಟ, ಜಾರುವ ಬಂಡೆ ಮತ್ತು ತುಂಬಿದ ಹಳ್ಳ ಎಂಬುದು ಅಲ್ಲಿನ ರೈತರಿಗೆ ಹೇಳಬೇಕಾಗಿಲ್ಲ.

ಸಂಗ್ರಹಿಸಿದ ಪ್ರತಿಯೊಂದು ಗಿಡಕ್ಕೂ ಒಂದು ಸಂಖ್ಯೆ ಕೊಡಲಾಗುತ್ತದೆ. ಕಿತ್ತ ಸ್ಥಳ, ದಿನಾಂಕ, ಎತ್ತರ, ಹೂವಿನ ಬಣ್ಣ, ಸ್ಥಳೀಯ ಹೆಸರು, ಉಪಯೋಗ ಇವುಗಳನ್ನು ಅಲ್ಲಿಯೇ ಪುಸ್ತಕದಲ್ಲಿ ಬರೆದುಕೊಳ್ಳಲಾಗುತ್ತದೆ. ಏಕೆಂದರೆ ಒಣಗಿದ ಮೇಲೆ ಹೂವಿನ ಬಣ್ಣ ಉಳಿಯುವುದಿಲ್ಲ. ನಂತರ ಗಿಡವನ್ನು ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮರದ ಚೌಕಟ್ಟಿನಲ್ಲಿ ಬಿಗಿದು ಒಣಗಿಸಲಾಗುತ್ತದೆ. ಮಲೆನಾಡಿನ ತೇವದಲ್ಲಿ ಹಾಳೆಗಳನ್ನು ದಿನಕ್ಕೆ ಒಂದೆರಡು ಬಾರಿ ಬದಲಾಯಿಸದಿದ್ದರೆ ಬೂಷ್ಟು ಹಿಡಿದು ಇಡೀ ದಿನದ ಶ್ರಮ ಹಾಳಾಗುತ್ತದೆ. ಒಣಗಿದ ಗಿಡವನ್ನು ದಪ್ಪ ಹಾಳೆಗೆ ಹೊಲಿದು, ಚೀಟಿ ಅಂಟಿಸಿ, ಸಸ್ಯಭಂಡಾರದಲ್ಲಿ ಇಡಲಾಗುತ್ತದೆ. ಸರಿಯಾಗಿ ಕಾಪಾಡಿದರೆ ಇಂತಹ ಹಾಳೆ ಇನ್ನೂರು ಮುನ್ನೂರು ವರ್ಷ ಉಳಿಯುತ್ತದೆ. ಮುಂದೆ ಯಾರಿಗಾದರೂ ‘ಈ ಹೆಸರು ಸರಿಯೇ?’ ಎಂಬ ಸಂಶಯ ಬಂದರೆ ಗಿಡವನ್ನೇ ತೆಗೆದು ನೋಡಬಹುದು. ಗ್ರಂಥದಲ್ಲಿ ಬರೆದ ಮಾತಿಗೆ ಈ ಹಾಳೆಯೇ ಸಾಕ್ಷಿ.

ಮಲೆಗಳಲ್ಲಿ ಕಂಡದ್ದು

ಕೆಂಪುಹೊಳೆಯ ಕಣಿವೆಯಂಥ ತಗ್ಗಿನ ಕಾಡಿನಲ್ಲಿ ಸಾಲುಧೂಪ, ರಾಮಪತ್ರೆ ಮುಂತಾದ ಎತ್ತರದ ಮರಗಳಿವೆ. ಅವುಗಳ ನೆರಳಿನಲ್ಲಿ ಹಂಬೋಲ್ಟಿಯ ಬ್ರುನೋನಿಸ್ ಎಂಬ ಸಣ್ಣ ಮರ ಬೆಳೆಯುತ್ತದೆ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಇದು ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲ. ಇದರ ಕೆಲವು ಗೆಣ್ಣುಗಳು ಉಬ್ಬಿ ಟೊಳ್ಳಾಗಿದ್ದು ಅವುಗಳಲ್ಲಿ ಇರುವೆಗಳು ಮನೆ ಮಾಡುತ್ತವೆ. ಇನ್ನೂ ಮೇಲೆ ಹೋದಂತೆ ನಾಗಸಂಪಿಗೆ, ಬಲಗಿ ಮುಂತಾದ ಮರಗಳು ಬರುತ್ತವೆ. ಅದಕ್ಕೂ ಮೇಲೆ ಗಾಳಿಗೆ ತೆರೆದ ಹುಲ್ಲುಗುಡ್ಡಗಳು, ಅವುಗಳ ಮಡಿಲಿನಲ್ಲಿ ಕುಳ್ಳಾದ ಶೋಲ ಕಾಡುಗಳು.

ರೈತರು ಬೆಳೆಯುವ ಬೆಳೆಗಳ ನೆಂಟರೂ ಈ ಕಾಡಿನಲ್ಲೇ ಇದ್ದಾರೆ. ಮೆಣಸಿನ ಬಳ್ಳಿ ಹುಟ್ಟಿದ್ದು ಪಶ್ಚಿಮ ಘಟ್ಟದ ಕಾಡಿನಲ್ಲಿ. ತೋಟದ ಮೆಣಸಿನ ಒಂದೇ ತೆನೆಯಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವ ಹೂಗಳಿರುತ್ತವೆ. ಕಾಡುಬಳ್ಳಿಗಳಲ್ಲಿ ಬಹುಪಾಲು ಗಂಡು ಬೇರೆ, ಹೆಣ್ಣು ಬೇರೆ. ಸಾವಿರಾರು ವರ್ಷಗಳಿಂದ ರೈತರು ಹೆಚ್ಚು ಕಾಯಿ ಕಟ್ಟುವ ಬಳ್ಳಿಯನ್ನೇ ಆರಿಸಿ ಆರಿಸಿ ಕತ್ತರಿಸಿ ನೆಟ್ಟದ್ದರ ಫಲವೇ ಈ ವ್ಯತ್ಯಾಸ. ಏಲಕ್ಕಿಯೂ ಈ ಘಟ್ಟದ್ದೇ. ಕಾಫಿಯ ಮೂಲ ಆಫ್ರಿಕವಾದರೂ ಅದರ ದೂರದ ಬಂಧುಗಳಾದ ಕಾಡುಕಾಫಿಗಳು ಪಶ್ಚಿಮ ಘಟ್ಟಗಳಲ್ಲಿವೆ. ಹೊಸ ತಳಿಗಳಿಗೆ ರೋಗನಿರೋಧಕ ಗುಣ ಬೇಕಾದಾಗ ತಳಿವಿಜ್ಞಾನಿಗಳು ಮೊದಲು ನೋಡುವುದು ಇಂಥ ಕಾಡುಬಂಧುಗಳ ಕಡೆಗೆ. ಎಲ್ಲಿ ಯಾವುದು ಬೆಳೆಯುತ್ತದೆ ಎಂಬ ದಾಖಲೆಯೇ ಇಲ್ಲದಿದ್ದರೆ ಅವರು ಹುಡುಕುವುದಾದರೂ ಎಲ್ಲಿ?

ಈ ಅಧ್ಯಯನದ ಕಾಲದಲ್ಲಿ ಹೊರಬಿದ್ದ ಒಂದು ಸಂಗತಿ ವಿಶೇಷವಾದದ್ದು. ಮರದ ಕೊಂಬೆಗೆ ಅಂಟಿ ಬೆಳೆಯುವ ಎರಡು ಪುಟ್ಟ ಸೀತಾಳೆಗಳನ್ನು 19ನೆಯ ಶತಮಾನದಲ್ಲೇ ಡಾಲ್ಜೆಲ್ ಎಂಬವರು ವರ್ಣಿಸಿದ್ದರು. ಅವು ಬೇರೊಂದು ಕುಲದಲ್ಲಿ ಸೇರಿಕೊಂಡಿದ್ದವು. ಸಲ್ಡಾನ್ಹ ಅವರು ಇವುಗಳ ಜೊತೆಗೆ ಒಣಹುಲ್ಲಿನ ಬಣ್ಣದ ಹೂ ಬಿಡುವ ಮೂರನೆಯದೊಂದನ್ನು ಗುರುತಿಸಿ, ಹೂವಿನ ರಚನೆಯನ್ನು ಹೋಲಿಸಿ ನೋಡಿ, ಈ ಮೂರೂ ಒಂದೇ ಪ್ರತ್ಯೇಕ ಕುಲಕ್ಕೆ ಸೇರಿದವು ಎಂದು 1974ರಲ್ಲಿ ತೋರಿಸಿದರು. ತಮಗೆ ನೆರವು ನೀಡಿದ ಸಂಸ್ಥೆಯ ಗೌರವಾರ್ಥ ಆ ಕುಲಕ್ಕೆ ‘ಸ್ಮಿತ್ಸೋನಿಯ’ ಎಂದು ಹೆಸರಿಟ್ಟರು. ಒಂದು ಹೊಸ ಪ್ರಭೇದ ಸಿಗುವುದು ಆಗಾಗ ನಡೆಯುವ ಸಂಗತಿ. ಹೊಸ ಕುಲವನ್ನೇ ಕಾಣುವುದು ಅಪರೂಪ. ಹೂವಿನ ಅಗಲ ಬೆರಳ ತುದಿಯಷ್ಟೂ ಇಲ್ಲದ ಇಂತಹ ಗಿಡ ಕಾಫಿ ತೋಟದ ನೆರಳುಮರದ ಮೇಲೂ ಇರಬಹುದು; ಕೊಂಬೆ ಸವರುವಾಗ ಅದನ್ನು ಬಂದಳಿಕೆಯೆಂದು ಎಣಿಸಿ ಕಿತ್ತು ಹಾಕುವುದೂ ಉಂಟು. ಬಂದಳಿಕೆ ಮರದ ರಸ ಹೀರುವ ಪರಾವಲಂಬಿ. ಸೀತಾಳೆ ಹಾಗಲ್ಲ. ಅದು ಮರವನ್ನು ಆಸರೆಗಾಗಿ ಮಾತ್ರ ಹಿಡಿದಿರುತ್ತದೆ. ಅದರ ಬೇರು ತೊಗಟೆಯೊಳಗೆ ಇಳಿಯುವುದಿಲ್ಲ. ಅದನ್ನು ಕೀಳುವುದರಿಂದ ಮರಕ್ಕೆ ಯಾವ ಲಾಭವೂ ಇಲ್ಲ.

1976ರ ಗ್ರಂಥ

ಸಲ್ಡಾನ್ಹ ಮತ್ತು ನಿಕೋಲ್ಸನ್ ಅವರ ಸಂಪಾದಕತ್ವದಲ್ಲಿ ‘ಫ್ಲೋರ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ ಇಂಗ್ಲಿಷ್ ಗ್ರಂಥ 1976ರಲ್ಲಿ ನವದೆಹಲಿಯಲ್ಲಿ ಪ್ರಕಟವಾಯಿತು. 900ಕ್ಕೂ ಹೆಚ್ಚು ಪುಟಗಳ ಈ ಗ್ರಂಥ ಒಬ್ಬರ ಬರವಣಿಗೆಯಲ್ಲ. ಒಂದೊಂದು ಸಸ್ಯಕುಟುಂಬವನ್ನು ಒಬ್ಬೊಬ್ಬರು ವಹಿಸಿಕೊಂಡು ಬರೆದರು. ಅದರಲ್ಲಿ ದುಡಿದ ತರುಣರಿಗೆ ಹಾಸನದ ಕಾಡೇ ಪಾಠಶಾಲೆಯಾಯಿತು. ಅವರಲ್ಲಿ ಟಿ.ಪಿ. ರಾಮಮೂರ್ತಿ ಅವರು ಮುಂದೆ ಮೆಕ್ಸಿಕೋ ದೇಶದ ಸಸ್ಯಗಳ ಅಧ್ಯಯನದಲ್ಲಿಯೂ, ಕೆ.ಎನ್. ಗಾಂಧಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯನಾಮಕರಣದ ನಿಯಮಗಳ ತಜ್ಞರಾಗಿಯೂ ಪ್ರಸಿದ್ಧರಾದರು.

ಈ ಬಗೆಯ ಗ್ರಂಥದ ಮುಖ್ಯ ಉಪಯೋಗ ಅದರಲ್ಲಿರುವ ‘ಕೀಲಿ’ಯಲ್ಲಿದೆ. ಇದು ಪ್ರಶ್ನೆಗಳ ಒಂದು ಸರಪಳಿ. ‘ಎಲೆಗಳು ಎದುರುಬದುರಾಗಿವೆಯೇ, ಒಂದಾದ ಮೇಲೊಂದಾಗಿವೆಯೇ?’ ಎಂದು ಮೊದಲು ಕೇಳುತ್ತದೆ. ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆಗೆ ಹೋಗಬೇಕು: ಮುರಿದರೆ ಹಾಲು ಬರುತ್ತದೆಯೇ? ಎಸಳುಗಳು ಎಷ್ಟು? ಕಾಯಿಯಲ್ಲಿ ಬೀಜ ಒಂದೇ, ಹಲವೇ? ಹೀಗೆ ಎರಡರಲ್ಲಿ ಒಂದನ್ನು ಆರಿಸುತ್ತಾ ಹೋದರೆ ಕೊನೆಗೆ ಒಂದೇ ಹೆಸರು ಉಳಿಯುತ್ತದೆ. ಹಸುವಿನ ಸುಳಿ ನೋಡಿ, ಕೋಡು ನೋಡಿ, ಬಣ್ಣ ನೋಡಿ ತಳಿ ಹೇಳುವ ರೈತರ ಕ್ರಮವೂ ಇದೇ ಬಗೆಯದು.

ಹೆಸರಿನಿಂದ ಲಾಭ

ಸರಿಯಾದ ಹೆಸರಿನಿಂದ ರೈತರಿಗೆ ಆಗುವ ಲಾಭಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು.

ಏಲಕ್ಕಿಯ ಕಟ್ಟೆ ರೋಗ ನಂಜಾಣುವಿನಿಂದ ಬರುತ್ತದೆ. ಅದನ್ನು ಹರಡುವುದು ಒಂದು ಬಗೆಯ ಸಸ್ಯಹೇನು. ಈ ಹೇನು ಏಲಕ್ಕಿಯ ಒಣಸಿಪ್ಪೆಗಳ ಕೆಳಗೆ ಮಾತ್ರವಲ್ಲದೆ ಕಾಡುಕೆಸುವಿನ ಜಾತಿಯ ಕೆಲವು ಗಿಡಗಳ ಮೇಲೂ ವಾಸಿಸುತ್ತದೆ. ತೋಟದ ಬದಿಯ ಹಳ್ಳದಲ್ಲಿ ಬೆಳೆದಿರುವ ಕಾಡುಗಿಡಗಳಲ್ಲಿ ಹೇನಿಗೆ ಮನೆಯಾಗಿರುವುದು ಯಾವುದು, ನಿರಪಾಯವಾದದ್ದು ಯಾವುದು ಎಂದು ತಿಳಿದರೆ ಆ ಒಂದನ್ನೇ ತೆಗೆದರೆ ಸಾಕು. ತಿಳಿಯದಿದ್ದರೆ ಹಳ್ಳದ ದಂಡೆಯ ಗಿಡಗಳನ್ನೆಲ್ಲ ಸವರಬೇಕಾಗುತ್ತದೆ; ಮುಂದಿನ ಮಳೆಯಲ್ಲಿ ದಂಡೆಯೂ ಕೊಚ್ಚಿ ಹೋಗುತ್ತದೆ.

ಇನ್ನೊಂದು, ದುರ್ವಾಸನೆ ಮರ. ಇದರ ಹೂವಿಗೆ ಕೆಟ್ಟ ವಾಸನೆ. ಸೌದೆಯಾಗಿಯೂ ಇದಕ್ಕೆ ಬೆಲೆಯಿಲ್ಲವೆಂದು ಜನ ಎಣಿಸಿದ್ದರು. 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಚೀನಾದ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಕಂಡರು. ಕ್ಯಾನ್ಸರ್ ರೋಗಕ್ಕೆ ಕೊಡುವ ಕೆಲವು ಔಷಧಿಗಳ ಮೂಲ ಇದೇ. 1972ರಲ್ಲಿ ಭಾರತದ ವಿಜ್ಞಾನಿಗಳು ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆಯೆಂದು ತೋರಿಸಿದರು. ಅಲ್ಲಿಂದ ಮುಂದೆ ಪಶ್ಚಿಮ ಘಟ್ಟಗಳ ಅನೇಕ ಕಡೆ ಈ ಮರಗಳನ್ನು ಕಡಿದು ಚೂರು ಮಾಡಿ ಮಾರುವ ವ್ಯಾಪಾರ ಬೆಳೆಯಿತು. ಬೆಲೆ ತಿಳಿದ ವ್ಯಾಪಾರಿಗೆ ಲಾಭವಾಯಿತು. ಹೆಸರು ತಿಳಿಯದೆ ಸೌದೆಯ ಬೆಲೆಗೆ ಕೊಟ್ಟವರಿಗೆ ನಷ್ಟವಾಯಿತು. ಕಾಡಿಗೆ ಅದಕ್ಕಿಂತ ಹೆಚ್ಚಿನ ನಷ್ಟವಾಯಿತು.

ಅರ್ಧಕ್ಕೆ ನಿಂತ ಕಾರ್ಯ

ಹಾಸನದ ಗ್ರಂಥದ ನಂತರ ಸಲ್ಡಾನ್ಹ ಅವರು ಇಡೀ ರಾಜ್ಯದ ಸಸ್ಯಗಳ ದಾಖಲೆಗೆ ಕೈಹಾಕಿದರು. ‘ಫ್ಲೋರ ಆಫ್ ಕರ್ನಾಟಕ’ದ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಹೊರಬಂದವು. ನಡುವಿನ ವರ್ಷಗಳಲ್ಲಿ ಅವರು ಕಾಲೇಜಿನ ಸಸ್ಯವರ್ಗೀಕರಣ ಕೇಂದ್ರದಿಂದ ಕರ್ನಾಟಕದ ಪರಿಸರ ಸ್ಥಿತಿಗತಿಯ ವರದಿಗಳನ್ನು ಸಂಪಾದಿಸಿದರು. ಅಂಡಮಾನ್, ನಿಕೋಬಾರ್ ಮತ್ತು ಲಕ್ಷದ್ವೀಪಗಳ ಪರಿಸರದ ಬಗ್ಗೆ 1989ರಲ್ಲಿ ಗ್ರಂಥ ಪ್ರಕಟಿಸಿದರು. ಕಾಡಿನ ಗಿಡಗಳನ್ನು ಎಣಿಸುತ್ತಾ ಹೋದವರಿಗೆ ಅವು ಕಡಿಮೆಯಾಗುತ್ತಿರುವುದೂ ಕಣ್ಣಿಗೆ ಬೀಳದೆ ಇರುವುದಿಲ್ಲ.

2002ರಲ್ಲಿ ಅವರು ತೀರಿಕೊಂಡರು. ರಾಜ್ಯದ ಗ್ರಂಥಮಾಲೆಯಲ್ಲಿ ಹುಲ್ಲು, ಸೀತಾಳೆ, ಶುಂಠಿ-ಏಲಕ್ಕಿ ಮುಂತಾದ ಕುಟುಂಬಗಳು ಬರಬೇಕಾದ ಮುಂದಿನ ಸಂಪುಟಗಳನ್ನು ಹೊರತರಲು ಅವರಿಂದ ಆಗಲಿಲ್ಲ. ಆದರೆ ಅವರೂ ಅವರ ಸಂಗಡಿಗರೂ ಸಂಗ್ರಹಿಸಿದ ಒಣಸಸ್ಯಗಳು ಹಾಳಾಗದೆ ಉಳಿದಿವೆ. ಸೇಂಟ್ ಜೋಸೆಫ್ಸ್ ಕಾಲೇಜಿನ ಆ ಸಸ್ಯಭಂಡಾರ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದೆ. ಕರ್ನಾಟಕದ ಸಸ್ಯಗಳ ಚಿತ್ರ ಮತ್ತು ವಿವರಗಳನ್ನು ಗಣಕಯಂತ್ರದಲ್ಲಿ ದೊರಕಿಸುವ ಕೆಲಸವೂ ಅಲ್ಲಿ ನಡೆದಿದೆ. ಹಾಸನದ ಗಿಡಗಳ ಪ್ರತಿಗಳು ವಾಷಿಂಗ್ಟನ್ನಿನ ಸಸ್ಯಭಂಡಾರದಲ್ಲಿಯೂ ಇವೆ.

ಬದಲಾದ ಬೆಟ್ಟಗಳು

ಗ್ರಂಥ ಪ್ರಕಟವಾದ ಮೂರೇ ವರ್ಷಗಳಲ್ಲಿ, ಅಂದರೆ 1979ರಲ್ಲಿ, ಸಕಲೇಶಪುರದ ಘಟ್ಟವನ್ನು ಸುರಂಗಗಳ ಮೂಲಕ ಇಳಿಯುವ ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣಗೊಂಡಿತು. ಅದೇ ಸುಮಾರಿಗೆ ಗೊರೂರು ಬಳಿಯ ಹೇಮಾವತಿ ಜಲಾಶಯ ತುಂಬಿ, ಹಿನ್ನೀರು ನದೀತೀರದ ಗದ್ದೆಬಯಲುಗಳನ್ನೂ ಹಳ್ಳಿಗಳನ್ನೂ ಆವರಿಸಿತು. ನಂತರದ ವರ್ಷಗಳಲ್ಲಿ ಹೆದ್ದಾರಿ ಅಗಲವಾಯಿತು. ಕಿರು ಜಲವಿದ್ಯುತ್ ಯೋಜನೆಗಳು ಬಂದವು. ಕಾಡಾನೆಗಳು ಆಲೂರು, ಸಕಲೇಶಪುರದ ಗದ್ದೆ ತೋಟಗಳಿಗೆ ಇಳಿಯುವುದು ಹೆಚ್ಚಿತು. ಗುಂಡ್ಯ ಜಲವಿದ್ಯುತ್ ಯೋಜನೆಯ ಬಗ್ಗೆ ವಾದವಿವಾದಗಳು ನಡೆದು, 2011ರಲ್ಲಿ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು ಅದಕ್ಕೆ ಅನುಮತಿ ಕೊಡಬಾರದೆಂದು ಶಿಫಾರಸು ಮಾಡಿತು. ಬಿಸಿಲೆಗೆ ಹೊಂದಿಕೊಂಡ ಪುಷ್ಪಗಿರಿ ವನ್ಯಧಾಮವು 2012ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ತೋಟಗಳ ಒಳಗೂ ಬದಲಾವಣೆಯಾಗಿದೆ. ಹಿಂದಿನವರು ಕಾಫಿಗೆ ನೆರಳೆಂದು ಉಳಿಸಿದ್ದ ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಬೀಟೆ ಮರಗಳ ಜಾಗದಲ್ಲಿ ಅನೇಕ ಕಡೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರ ಬಂದಿದೆ. ಇದು ಬೇಗ ಬೆಳೆಯುತ್ತದೆ, ನೇರವಾಗಿರುತ್ತದೆ, ಮೆಣಸಿನ ಬಳ್ಳಿಗೆ ಅನುಕೂಲ, ಮಾರಿದರೆ ಹಣವೂ ಬರುತ್ತದೆ. ರೈತರು ಇದನ್ನು ನೆಟ್ಟದ್ದು ತಪ್ಪೆಂದು ಹೇಳಲಾಗದು. ಆದರೆ ಇಡೀ ತೋಟ ಒಂದೇ ಜಾತಿಯ ಮರವಾದರೆ, ಬೇರೆ ಬೇರೆ ಕಾಲದಲ್ಲಿ ಹೂ ಹಣ್ಣು ಕೊಡುವ ಮರಗಳಿಲ್ಲದೆ ಜೇನು ಮತ್ತು ಹಕ್ಕಿಗಳಿಗೆ ವರ್ಷದ ಕೆಲವು ತಿಂಗಳು ಆಹಾರವಿಲ್ಲವಾಗುತ್ತದೆ. ಏಲಕ್ಕಿಯಲ್ಲಿ ಕಾಯಿ ಕಟ್ಟುವುದು ಜೇನಿನಿಂದ. ರೊಬಸ್ಟಾ ಕಾಫಿಗೂ ಪರಕೀಯ ಪರಾಗ ಬೇಕೇ ಬೇಕು; ಅದಕ್ಕೆ ಗಾಳಿಯ ಜೊತೆಗೆ ಹೆಜ್ಜೇನು, ತುಡುವೆಗಳ ನೆರವೂ ಉಂಟು. ನೆರಳುಮರದ ಲೆಕ್ಕ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ಎಲ್ಲ ಬದಲಾವಣೆಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಹೇಳಬೇಕಾದರೆ ಮೊದಲು ಏನಿತ್ತು ಎಂಬುದು ಗೊತ್ತಿರಬೇಕು. ಜಮೀನಿನ ವ್ಯಾಜ್ಯದಲ್ಲಿ ಹಳೆಯ ಪಹಣಿಗೆ ಇರುವ ಬೆಲೆಯೇ, ಈ ಬೆಟ್ಟಗಳ ವಿಷಯದಲ್ಲಿ 1976ರ ಆ ಗ್ರಂಥಕ್ಕೂ ಆ ಒಣಹಾಳೆಗಳಿಗೂ ಇದೆ.

ರೈತರು ಮಾಡಬಹುದಾದ ಕೆಲಸ

ತೋಟದಲ್ಲೋ ಗದ್ದೆಯಲ್ಲೋ ಹೊಸ ಕಳೆ, ಗೊತ್ತಿಲ್ಲದ ಬಳ್ಳಿ ಅಥವಾ ದನಕರುಗಳಿಗೆ ತೊಂದರೆ ಕೊಟ್ಟ ಗಿಡ ಕಂಡುಬಂದರೆ ಅದನ್ನು ಗುರುತಿಸಲು ಕೃಷಿ ಕಾಲೇಜು ಅಥವಾ ಸಂಶೋಧನಾ ಕೇಂದ್ರಕ್ಕೆ ತಲುಪಿಸಬಹುದು. ಹಸಿಯಾಗಿ ಚೀಲದಲ್ಲಿ ತುಂಬಿ ಒಯ್ದರೆ ದಾರಿಯಲ್ಲಿಯೇ ಕೊಳೆಯುತ್ತದೆ. ಕೆಳಗಿನಂತೆ ಮಾಡುವುದು ಉತ್ತಮ.

1. ಹೂ ಅಥವಾ ಕಾಯಿ ಇರುವ ರೆಂಬೆಯನ್ನೇ ಆರಿಸಬೇಕು. ಸಣ್ಣ ಗಿಡವಾದರೆ ಬೇರಿನ ಸಮೇತ ಕೀಳಬೇಕು. ಒಂದೇ ಒಂದು ಗಿಡ ಮಾತ್ರ ಇದ್ದರೆ ಪೂರ್ತಿ ಕೀಳದೆ ಒಂದು ರೆಂಬೆ ಮಾತ್ರ ತೆಗೆಯಬೇಕು.

2. ಸುಮಾರು ಒಂದು ಅಡಿ ಉದ್ದಕ್ಕೆ ಕತ್ತರಿಸಿ, ವೃತ್ತಪತ್ರಿಕೆಯ ಹಾಳೆಗಳ ನಡುವೆ ಎಲೆಗಳು ಮಡಿಚದಂತೆ ಹರಡಬೇಕು. ಒಂದೆರಡು ಎಲೆಗಳ ಹಿಂಬದಿ ಕಾಣುವಂತಿರಲಿ.

3. ಮೇಲೆ ಹಲಗೆ ಇಟ್ಟು ಭಾರ ಹೇರಬೇಕು. ಮಳೆಗಾಲದಲ್ಲಿ ಹಾಳೆಗಳನ್ನು ದಿನವೂ ಬದಲಾಯಿಸಿ, ಒಲೆಯ ಮೇಲಿನ ಅಟ್ಟದಂತಹ ಬೆಚ್ಚಗಿನ ಜಾಗದಲ್ಲಿ ಒಣಗಿಸಬೇಕು.

4. ಒಂದು ಚೀಟಿಯಲ್ಲಿ ಊರು, ದಿನಾಂಕ, ಬೆಳೆದ ಜಾಗ (ಗದ್ದೆ, ಹಳ್ಳದ ದಂಡೆ, ತೋಟ, ಕಾಡು), ಗಿಡದ ಎತ್ತರ, ಹೂವಿನ ಬಣ್ಣ, ಊರಿನವರು ಕರೆಯುವ ಹೆಸರು ಮತ್ತು ಉಪಯೋಗವನ್ನು ಬರೆಯಬೇಕು. ದನ ತಿನ್ನುತ್ತದೆಯೇ, ಬಿಡುತ್ತದೆಯೇ ಎಂಬುದನ್ನೂ ಬರೆಯುವುದು ಒಳ್ಳೆಯದು.

5. ಮೀಸಲು ಅರಣ್ಯ ಮತ್ತು ವನ್ಯಧಾಮಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಿಡ ಕೀಳಬಾರದು.

ಇದರ ಜೊತೆಗೆ, ತೋಟದಲ್ಲಿ ನೆರಳು ಸರಿಪಡಿಸುವಾಗ ಪ್ರತಿ ಎಕರೆಯಲ್ಲೂ ಹಲವು ಜಾತಿಯ ನಾಡಮರಗಳನ್ನು ಉಳಿಸಿಕೊಳ್ಳುವುದು, ಹಳ್ಳದ ಎರಡೂ ದಂಡೆಗಳಲ್ಲಿ ಕಾಡುಗಿಡಗಳ ಪಟ್ಟಿಯೊಂದನ್ನು ಕಡಿಯದೆ ಬಿಡುವುದು, ಊರ ದೇವರಕಾಡನ್ನು ಒತ್ತುವರಿಯಿಂದ ಕಾಪಾಡುವುದು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು.

ಕೊನೆಯದಾಗಿ ಒಂದು ಮಾತು. ಗಿಡ ಸಿಕ್ಕಿದಾಗ ‘ಇದಕ್ಕೆ ಊರಿನಲ್ಲಿ ಏನೆನ್ನುತ್ತಾರೆ?’ ಎಂದು ಸಸ್ಯಶಾಸ್ತ್ರಜ್ಞರು ಕೇಳುವುದು ಹಳ್ಳಿಯ ಹಿರಿಯರನ್ನು. ಏಲಕ್ಕಿ ಮಲೆಯಲ್ಲಿ, ದನ ಮೇಯಿಸುವ ಗುಡ್ಡದಲ್ಲಿ, ಔಷಧಿಯ ಬೇರು ಹುಡುಕುವಲ್ಲಿ ಬದುಕು ಕಳೆದ ಹಿರಿಯರಿಗೆ ಗೊತ್ತಿರುವ ಹೆಸರುಗಳು ಇನ್ನೂ ಎಷ್ಟೋ ಇವೆ. ಅವರೊಡನೆ ಅವೂ ಹೋಗಿಬಿಟ್ಟರೆ ಯಾವ ಸಸ್ಯಭಂಡಾರದಿಂದಲೂ ಅವನ್ನು ಮರಳಿ ತರಲಾಗದು. ಮನೆಯ ಹಿರಿಯರನ್ನು ಕರೆದುಕೊಂಡು ಒಂದು ದಿನ ತೋಟದ ಬೇಲಿಯ ಸುತ್ತ ನಡೆದು, ಅವರು ಹೇಳುವ ಗಿಡಗಳ ಹೆಸರುಗಳನ್ನು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿಡುವುದು ಪ್ರತಿಯೊಬ್ಬ ರೈತರೂ ಮಾಡಬಹುದಾದ ಕೆಲಸ.